ಭಾವ ಹೋದ ಮೇಲೆ ಯಾವ ಕೆಲಸ ಯಾರ ಹತ್ರ: ಪುಟ್ಟಿಗೆ ಉತ್ತರ

ಪುಟ್ಟೀ, ನಿನ್ನ ಮೆಸೇಜ್ ನೋಡಿದೆ. ನಿಮ್ಮಪ್ಪನ ತಿಥಿಗೆ ಬಂದಿದ್ದ ಆ ಏಜೆಂಟ್ "ಡೆತ್ ಸರ್ಟಿಫಿಕೇಟು, ಖಾತೆ, ಬ್ಯಾಂಕು, ಪಿಎಫ್ಫು ಎಲ್ಲಾ ನಾನೇ ಮಾಡಿಸಿಕೊಡ್ತೀನಿ, ಮನೆ ಪತ್ರದ ಒರಿಜಿನಲ್ ಕೊಡಿ, ಅಮ್ಮನ ಕೈಲಿ ಒಂದು ಜಿಪಿಎ ಹಾಕಿಸಿ" ಅಂದನಂತೆ. ಜಿಪಿಎ ಅಂದರೆ ನಮ್ಮ ಪರವಾಗಿ ಎಲ್ಲಕ್ಕೂ ಸಹಿ ಹಾಕೋ ಅಧಿಕಾರ ಪತ್ರ. ಕೊಡಬಹುದಾ ಅಂತ ಕೇಳಿದೀಯ. ಕೊಡಬೇಡಮ್ಮ. ಮಿಕ್ಕವರಿಗೂ ಬೇಕಾಗೋ ವಿಷಯ, ಅದಕ್ಕೇ ಗ್ರೂಪಲ್ಲೇ ಹೇಳ್ತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾಗಿ ಓದು.

ಇದರಲ್ಲಿ ಒಂದೊಂದು ಕೆಲಸಕ್ಕೂ ಅದರದ್ದೇ ಕಚೇರಿ ಇದೆ, ಹೆಚ್ಚಿನವಕ್ಕೆ ಶುಲ್ಕವೇ ಇಲ್ಲ, ಇದ್ದರೂ ಸಣ್ಣದು. ಎಲ್ಲಾನೂ ಒಬ್ಬನ ಕೈಗೆ ಕೊಟ್ಟರೆ ಒರಿಜಿನಲ್ ಪತ್ರ, ಸಹಿ, ದುಡ್ಡು ಮೂರೂ ಒಂದೇ ಕಡೆ ಸೇರುತ್ತೆ. ಮೋಸ ಹುಟ್ಟೋದು ಅಲ್ಲೇ. ಓಡಾಡೋಕೆ ಒಬ್ಬ ಬೇಕಿದ್ದರೆ ಇಟ್ಟುಕೋ, ಜೆರಾಕ್ಸ್ ಕೊಟ್ಟು ಕಳಿಸು. ಒರಿಜಿನಲ್ ತೋರಿಸಬೇಕಾದ ಕಡೆ ನೀನೇ ಹೋಗಿ, ತೋರಿಸಿ, ವಾಪಸ್ ತಗೊಂಡು ಬಾ. ಜಿಪಿಎ ಮಾತ್ರ ಬೇಡವೇ ಬೇಡ. ಅಕ್ಕ, ಅಂದರೆ ನಿಮ್ಮಮ್ಮ, ಇನ್ನೂ ಸರಿಯಾಗಿ ಊಟ ಮಾಡ್ತಿಲ್ಲ, ಈ ಸ್ಥಿತೀಲಿ ಅವಳ ಹತ್ರ ಯಾವ ಸಹಿನೂ, ಹೆಬ್ಬೆಟ್ಟೂ ಹಾಕಿಸಬೇಡಿ. ಖಾಲಿ ಛಾಪಾ ಕಾಗದಕ್ಕಂತೂ ಯಾವತ್ತೂ ಇಲ್ಲ.

ಮೊದಲು ಮರಣ ಪ್ರಮಾಣ ಪತ್ರ. 21 ದಿನದ ಒಳಗೆ ನೋಂದಣಿ ಆಗಬೇಕು. ಭಾವ ಆಸ್ಪತ್ರೇಲಿ ಹೋದದ್ದರಿಂದ ಮಾಹಿತಿ ಕಳಿಸೋ ಜವಾಬ್ದಾರಿ ಆಸ್ಪತ್ರೇದು, ಕಳಿಸಿದಾರಾ ಅಂತ ನೀನು ಕೇಳಿ ಖಚಿತ ಮಾಡ್ಕೋ. ಮನೇಲೇ ಹೋದವರಿಗಾದರೆ ನೋಡ್ತಿದ್ದ ಡಾಕ್ಟರ್ ಹತ್ರ ಸಾವಿನ ಕಾರಣದ 4ಎ ನಮೂನೆ ಬರೆಸಿಕೋಬೇಕು. 30 ದಿನ ದಾಟಿದರೆ ಮೇಲಧಿಕಾರಿಯ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತೆ. ಇಲ್ಲಿ ಎಲ್ಲರೂ ಎಡವೋದು ಹೆಸರಲ್ಲಿ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಬುಕ್‌ನಲ್ಲಿ ಮುಂದೆ, ಪಹಣೀಲಿ ಇನಿಷಿಯಲ್ಲೇ ಇಲ್ಲ. ಆಮೇಲೆ ಬ್ಯಾಂಕಿನವರು "ಇವರು ಬೇರೆ, ಅವರು ಬೇರೆ" ಅಂತ ಕೂರ್ತಾರೆ. ಪ್ರಿಂಟ್ ಆಗೋ ಮುಂಚೆಯೇ ಆಧಾರ್ ಇಟ್ಟುಕೊಂಡು ಒಂದೊಂದು ಅಕ್ಷರ ತಾಳೆ ನೋಡು. ಹತ್ತು ಪ್ರತಿ ತೆಗೆಸಿಡು. ಚಿತಾಗಾರದ ರಸೀದಿಯನ್ನೂ ಬಿಸಾಡಬೇಡ.

ಆಮೇಲೆ ನಾಡಕಚೇರೀಲಿ ವಂಶವೃಕ್ಷ, ಅಂದರೆ ವಾರಸುದಾರರು ಯಾರ್ಯಾರು ಅಂತ ತೋರಿಸೋ ಪತ್ರ. ನೋಟರಿ ಅಫಿಡವಿಟ್ ಕೇಳ್ತಾರೆ, ಗ್ರಾಮ ಆಡಳಿತ ಅಧಿಕಾರಿ ವಿಚಾರಣೆ ಮಾಡ್ತಾರೆ. ಅಕ್ಕ, ನೀನು, ನಿಮ್ಮಣ್ಣ ಅಷ್ಟೇ ಅಂದುಕೊಂಡಿದೀಯ ಅಲ್ವಾ? ನಿಮ್ಮಜ್ಜೀನೂ ಸೇರಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡಸು ವಿಲ್ ಬರೆಯದೆ ಹೋದರೆ ಹೆಂಡತಿ, ಮಕ್ಕಳ ಜೊತೆ ಅವನ ತಾಯಿಗೂ ಸಮಪಾಲು. ಮದುವೆಯಾದ ಹೆಣ್ಣುಮಕ್ಕಳಿಗೂ ಅಷ್ಟೇ. ಒಂದು ಹೆಸರು ಬಿಟ್ಟರೂ ಅದು ಸುಳ್ಳು ಅಫಿಡವಿಟ್, ನಾಳೆ ಮನೆ ಮಾರೋಕೆ ಹೋದಾಗ ಕೊಳ್ಳೋರ ವಕೀಲರು ಅದನ್ನೇ ಹಿಡೀತಾರೆ.

ಊರಿನ ಜಮೀನಿಗೆ ಪೌತಿ ಖಾತೆ ಮಾಡಿಸಿ, ಅಂದರೆ ಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದು. ಮೊದಲು ವಾರಸುದಾರರೆಲ್ಲರ ಹೆಸರಿಗೆ ಜಂಟಿಯಾಗಿ ಆಗಲಿ, ಭಾಗದ ಮಾತು ವರ್ಷ ಕಳೆದ ಮೇಲೆ ನಿಧಾನವಾಗಿ ಆಡಬಹುದು. ಇದು ನನ್ನ ಗಟ್ಟಿ ಅಭಿಪ್ರಾಯ. ದುಃಖದ ಮನೇಲಿ ಭಾಗದ ಮಾತು ತೆಗೆದರೆ ಸಂಬಂಧವೇ ಕೆಡುತ್ತೆ. "ಹೆಣ್ಣುಮಗಳು ತಾನೇ, ಒಂದು ಹಕ್ಕು ಬಿಡುಗಡೆ ಪತ್ರ ಬರೆದುಕೊಡು" ಅಂತ ದೊಡ್ಡವರು ಹೇಳಿದರೂ ಪುಟ್ಟೀ, ಈಗ ಬೇಡ. ಬಿಡಬೇಕು ಅಂತ ನಿನಗೇ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಒಮ್ಮೆ ನೋಂದಣಿ ಆದಮೇಲೆ ವಾಪಸ್ ಪಡೆಯೋದು ಬಹಳ ಕಷ್ಟ.

ನಿಮ್ಮಣ್ಣ ಅಮೆರಿಕದಿಂದ ಬರೋಕಾಗದಿದ್ದರೆ ನಿನಗೋ ಅಮ್ಮನಿಗೋ ಅಧಿಕಾರ ಪತ್ರ ಕಳಿಸಲಿ. ಯಾವ ಆಸ್ತಿ, ಯಾವ ಕೆಲಸ ಅಂತ ಹೆಸರಿಸಿ ಬರೆದಿರಬೇಕು, ಮಾರೋ ಅಧಿಕಾರ ಸೇರಿಸೋದು ಬೇಡ. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಣ ಆಗಲಿ. ಪತ್ರ ಇಲ್ಲಿಗೆ ಬಂದ ಮೂರು ತಿಂಗಳ ಒಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರೀಲಿ ಛಾಪಾ ಶುಲ್ಕ ಕಟ್ಟಬೇಕು. ಇದನ್ನ ಮರೆತು ಪತ್ರ ಬೀರುವಲ್ಲಿಟ್ಟು ಕೂತವರು ಬಹಳ ಜನ.

ಬ್ಯಾಂಕಿನ ವಿಷಯ. ಮೊದಲನೇದಾಗಿ ಭಾವನ ಎಟಿಎಂ ಕಾರ್ಡಲ್ಲಿ, ಫೋನ್‌ಪೇಲಿ ದುಡ್ಡು ತೆಗೀಬೇಡಿ, ಮಿಕ್ಕ ವಾರಸುದಾರರು ತಕರಾರು ತೆಗೆಯೋಕೆ ಅದೇ ನೆಪ ಆಗುತ್ತೆ. ಸಿಮ್ ಮಾತ್ರ ಆರು ತಿಂಗಳು ರೀಚಾರ್ಜ್ ಮಾಡಿಸ್ತಾ ಇರು. ಇಎಂಐ, ವಿಮೆ, ಎಫ್‌ಡಿ ಎಲ್ಲಾ ಎಲ್ಲಿದೆ ಅಂತ ಗೊತ್ತಾಗೋದು ಆ ಮೆಸೇಜುಗಳಿಂದಲೇ. ನಾಮಿನಿ ಇದ್ದರೆ ಕ್ಲೇಮ್ ಅರ್ಜಿ, ಮರಣ ಪತ್ರ, ನಾಮಿನಿಯ ಗುರುತಿನ ಚೀಟಿ ಇಷ್ಟೇ ಸಾಕು, ಕೋರ್ಟ್ ಕೊಡೋ ವಾರಸುದಾರಿಕೆ ಪತ್ರ (ಸಕ್ಸೆಷನ್ ಸರ್ಟಿಫಿಕೇಟ್) ಕೇಳೋ ಹಾಗಿಲ್ಲ. ನಾಮಿನಿ ಇಲ್ಲದಿದ್ದರೂ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕಲ್ಲಿ 5 ಲಕ್ಷದವರೆಗೆ, ಸರಳ ವಿಧಾನ ಇದೆ. ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನದ ಪ್ರಕಾರ ದಾಖಲೆ ಪೂರ್ತಿ ಕೊಟ್ಟ 15 ದಿನದಲ್ಲಿ ಇತ್ಯರ್ಥ ಆಗಬೇಕು. ಅದಕ್ಕೇ ಅರ್ಜಿಯ ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡ. ಇನ್ನೊಂದು, ಬ್ಯಾಂಕಿನ ನಾಮಿನಿ ಅಂದರೆ ದುಡ್ಡು ಇಸ್ಕೊಳ್ಳೋರು ಅಷ್ಟೇ, ಅದು ಸೇರಬೇಕಾದ್ದು ವಾರಸುದಾರರಿಗೆಲ್ಲ.

ದೊಡ್ಡ ಮೊತ್ತಕ್ಕೆ ವಾರಸುದಾರಿಕೆ ಪತ್ರ ಬೇಕೇ ಆದರೆ ಸಿವಿಲ್ ಕೋರ್ಟಲ್ಲಿ ಅರ್ಜಿ ಹಾಕಬೇಕು. ಅದು ಠೇವಣಿ, ಷೇರು, ಬರಬೇಕಾದ ಸಾಲಕ್ಕೆ ಮಾತ್ರ. ಮನೆ, ಜಮೀನಿಗೂ ಅದು ಬೇಕು ಅಂತ ಫೀಸು ಕೇಳೋ ವಕೀಲರ ಹತ್ರ ಹೋಗಬೇಡ.

ಪಾಸ್‌ಬುಕ್ಕಲ್ಲಿ ಎರಡು ನಮೂದು ಹುಡುಕು. ವರ್ಷಕ್ಕೆ 436 ರೂಪಾಯಿ ಕಡಿತ ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ, 2 ಲಕ್ಷ ಬರಬೇಕು. 20 ರೂಪಾಯಿ ಕಡಿತ ಇದ್ದರೆ ಅಪಘಾತ ವಿಮೆ, ಭಾವ ಹೋದದ್ದು ಅಪಘಾತದಲ್ಲಲ್ಲ, ಹಾಗಾಗಿ ಅದು ಅನ್ವಯಿಸಲ್ಲ. ಎಷ್ಟೋ ಮನೆಯವರು ಇದು ಇದೆ ಅಂತಲೇ ಗೊತ್ತಿಲ್ಲದೆ ಬಿಟ್ಟುಬಿಡ್ತಾರೆ, ನಿಜಕ್ಕೂ ಹೊಟ್ಟೆ ಉರಿಯುತ್ತೆ. ಭಾವ ಕೆಲಸದಲ್ಲಿದ್ದಾಗಲೇ ಹೋದದ್ದರಿಂದ ಪಿಎಫ್ ಹಣಕ್ಕೆ 20ನೇ ನಮೂನೆ, ಪಿಂಚಣಿಗೆ 10ಡಿ, ಅದರ ಜೊತೆಗಿರೋ ಇಡಿಎಲ್‌ಐ ವಿಮೆಗೆ 5ಐಎಫ್ ಕೊಡಬೇಕು. ಆ ವಿಮೆ 7 ಲಕ್ಷದವರೆಗೂ ಬರುತ್ತೆ. ಇವಕ್ಕೆ ಸಾಮಾನ್ಯವಾಗಿ ಫ್ಯಾಕ್ಟ್ರಿಯ ಎಚ್‌ಆರ್ ಸಹಿ ಬೇಕು, ಏಜೆಂಟ್ ಮಾಡೋಕೆ ಅದರಲ್ಲಿ ಏನೂ ಇಲ್ಲ. ಇಎಸ್‌ಐ ಇದ್ದರೆ ಅಂತ್ಯಕ್ರಿಯೆ ಖರ್ಚಿಗೆ 15,000ದವರೆಗೆ ಸಿಗುತ್ತೆ, ಅದನ್ನೂ ಕೇಳು. ಸಾಲದವರು ಫೋನ್ ಮಾಡಿ ಹೆದರಿಸಿದರೆ ಬರವಣಿಗೇಲಿ ಕಳಿಸಿ ಅನ್ನು. ಅಪ್ಪನ ಆಸ್ತಿ ಎಷ್ಟು ಬಂತೋ ಅಷ್ಟರ ಮಟ್ಟಿಗೆ ಮಾತ್ರ ಮಕ್ಕಳು ಹೊಣೆ, ನೀವು ಜಾಮೀನು ಸಹಿ ಹಾಕಿಲ್ಲದಿದ್ದರೆ.

ಹಾಗಾದರೆ ಯಾರನ್ನ ನಂಬೋದು? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇರುತ್ತೆ, ಫೋನು 15100. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ. ಸ್ವಂತ ವಕೀಲರೇ ಬೇಕು ಅಂದರೆ ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳು, ಅವರ ಫೀಸು ಬೇರೆ, ಸರ್ಕಾರಿ ಶುಲ್ಕ ಬೇರೆ ಅಂತ ಬರೆಸಿಕೋ, ಎರಡಕ್ಕೂ ರಸೀದಿ ತಗೋ. ಬರೋ ಹಣದಲ್ಲಿ ಇಷ್ಟು ಪರ್ಸೆಂಟ್ ಅಂತ ಕೇಳಿದರೆ ಎದ್ದು ಬಾ, ವಕೀಲರು ಹಾಗೆ ಪಾಲು ಕೇಳೋದು ಅವರ ವೃತ್ತಿ ನಿಯಮಕ್ಕೇ ವಿರುದ್ಧ.

ಪಂಚಕ ದೋಷ ಇದೆ, ದೊಡ್ಡ ಶಾಂತಿ ಆಗಬೇಕು ಅಂತ ಯಾರೋ ಫೋನ್ ಮಾಡಿದಾರೆ ಅಂದೆಯಲ್ಲ. ನಮ್ಮ ಮನೆ ಪುರೋಹಿತರನ್ನ ಮಾತ್ರ ಕೇಳು, ಫೋನ್ ಮಾಡಿದವರನ್ನಲ್ಲ. ಶ್ರೀರಂಗಪಟ್ಟಣದ ಪಶ್ಚಿಮವಾಹಿನೀಲಿ ಇನ್ನೇನಾದರೂ ಮಾಡಿಸೋದಿದ್ದರೂ ಸಾಮಾನು, ದಕ್ಷಿಣೆ, ದಾನ ಎಲ್ಲಾ ಸೇರಿ ಎಷ್ಟು ಅಂತ ಕೂರೋ ಮುಂಚೆಯೇ ಮಾತಾಡಿ. ಸಾಲ ಮಾಡಿ ಯಾವ ಕರ್ಮನೂ ಬೇಡ.

ಈ ಓಡಾಟದಲ್ಲಿ ಅಕ್ಕನ್ನ ಮರೀಬೇಡಿ. ಬಿಪಿ, ಸಕ್ಕರೆ ಮಾತ್ರೆ ತಗೊಳ್ತಿದಾಳಾ ಅಂತ ಪಟ್ಟಿ ಎಣಿಸಿ ನೋಡು, ಬಾಯಿಮಾತಿಗೆ ಹೂಂ ಅಂತಾಳೆ. ಅಳಲಿ, ಅದೇ ಮಾತು ಹತ್ತು ಸಲ ಹೇಳಲಿ, ಕೇಳಿಸಿಕೊಳ್ಳಿ. ರಾತ್ರಿ ನಿದ್ದೆನೇ ಇಲ್ಲ, ನಾನೂ ಹೋಗಿಬಿಡ್ತೀನಿ ಅನ್ನೋ ಮಾತು ಬಂದರೆ ಒಬ್ಬಳನ್ನೇ ಬಿಡಬೇಡಿ, ತಕ್ಷಣ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನಿನಗೆ ಬೇಕು ಅನ್ನಿಸಿದರೂ ಮಾಡು, ನೀನೂ ಅಪ್ಪನ್ನ ಕಳಕೊಂಡಿದೀಯ.

ಪಾಸ್‌ಬುಕ್, ಆಧಾರ್ ಫೋಟೊ ಈ ಗ್ರೂಪಲ್ಲಿ ಹಾಕಬೇಡ, ನನಗೆ ಬೇರೆಯಾಗಿ ಕಳಿಸು. ಸೋಮವಾರ ನಾಡಕಚೇರಿಗೆ ಹೋಗೋ ಮುಂಚೆ ವಂಶವೃಕ್ಷದ ಅಫಿಡವಿಟ್ ಕರಡು ತೋರಿಸು, ನಿಮ್ಮಜ್ಜಿ ಹೆಸರು ಸರಿಯಾಗಿ ಬಂದಿದೆಯಾ ನೋಡೋಣ.