ಹೊಳಿ ನೀರು ಬರೋ ಮನಿಗೆ ಕರೆಂಟ್ ಮೀಟರ್ ಎಷ್ಟು ಎತ್ತರಕ್ಕ ಹಾಕ್ಬೇಕ್ರಿ?

ಪ್ರಶ್ನೆ (ಕಂಪ್ಲಿ): ಸರ್ ನಮಸ್ಕಾರ್ರಿ. ನಮ್ಮನಿ ಕಂಪ್ಲಿ ಕೋಟಿ ಕಡಿ, ಟಿಬಿ (ತುಂಗಭದ್ರಾ) ಡ್ಯಾಮಿಂದ ನೀರು ಜಾಸ್ತಿ ಬಿಟ್ರ ಹೊಳಿ ಬಾಗ್ಲಿಗೇ ಬರ್ತೈತಿ. 2024ರ ಆಗಸ್ಟ್‌ನಾಗ 19ನೇ ಗೇಟು ಕಿತ್ಕೊಂಡು ಹೋತಲ್ರಿ, ಆವತ್ತು ಓಣಿಗೆ ಓಣಿನೇ ನಿದ್ದಿಗೆಟ್ಟಿತ್ತು. ಈಗ ಮನಿ ರಿಪೇರಿ ನಡ್ಸೇವಿ, ಮೀಟರ್ ಎದಿಮಟ ಐತಿ. ಮೇಸ್ತ್ರಿ ಎಂಟು ಅಡಿಗೆ ಏರಿಸ್ಬಿಡ್ರಿ ಅಂತಾನ, ವೈರ್‌ಮ್ಯಾನ್ ರೀಡಿಂಗ್‌ನೋರು ಒಪ್ಪಲ್ಲ ಅಂತಾನ. ರೂಲ್ಸ್ ಏನೈತ್ರಿ?

ಉತ್ತರ (ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್, ರಾಯಚೂರು): ಇಬ್ರು ಹೇಳಿದ್ದೂ ಅರ್ಧರ್ಧ ಖರೆ ಅದ. ನ್ಯಾಷನಲ್ ಬಿಲ್ಡಿಂಗ್ ಕೋಡ್ ಹೇಳೋದಿಷ್ಟು: ಮೀಟರ್ ಓದ್ಲಿಕ್ಕೆ ಅನುಕೂಲ ಇರೋ ಎತ್ತರಕ್ಕಿರಬೇಕು, ಆದಷ್ಟು ನೆಲದಿಂದ 1 ಮೀಟರಿಗಿಂತ ಕೆಳಗ ಬ್ಯಾಡ. ಆದ್ರ ಆ 1 ಮೀಟರ್ ಹೊಳಿ ದಂಡಿ ಮನಿಗೆ ಏನೂ ಸಾಲಂಗಿಲ್ಲ. ನೆಲದಿಂದ ಅಳೀಬ್ಯಾಡ್ರಿ, ಗ್ವಾಡಿ ಮ್ಯಾಲ ಹಳೆ ನೀರಿನ ಕಲೆ ಇರ್ತದಲ್ಲ ಅಲ್ಲಿಂದ ಅಳೀರಿ, ಕಲೆ ಅಳಿಸಿದ್ರ 2009ರ ನೆರೆಯಾಗ ನೀರು ಎಲ್ಲಿತನ ಬಂದಿತ್ತು ಅಂತ ಓಣಿ ಹಿರೇರನ್ನ ಕೇಳ್ರಿ, ಅದರ ಮ್ಯಾಲೆ ಒಂದೂವರೆ ಎರಡಡಿ ಬಿಟ್ಟು ಹಾಕ್ರಿ. ಅದು ಆರಡಿ ದಾಟಿತು ಅಂದ್ರ ರೀಡಿಂಗ್‌ನೋರು ಗೊಣಗ್ತಾರ, ಅದೂ ನ್ಯಾಯನೇ. ಹೊರಗಡೆ ಮಾಳಿಗಿ ಮೆಟ್ಲಿದ್ರ ಅದರ ಪಕ್ಕದ ಗ್ವಾಡಿಗೆ ಹಾಕ್ಸ್ರಿ, ಮೆಟ್ಲ ಮ್ಯಾಲ ನಿಂತು ಓದ್ತಾರ, ನೀರೂ ಮುಟ್ಟಂಗಿಲ್ಲ. ಇದಕ್ಕಿಂತ ಚಲೋ ಜಾಗ ಇಲ್ಲ.

ಪ್ರಶ್ನೆ (ಕಂಪ್ಲಿ): ಹಂಗಾರ ನಮ್ಮ ವೈರ್‌ಮ್ಯಾನ್ ಕೈಲೇ ಕಿತ್ತು ಮ್ಯಾಲ ಹಾಕ್ಸಿದ್ರ ನಡೀತೈತೇನ್ರಿ?

ಉತ್ತರ: ಬ್ಯಾಡ್ರೀ ಯಪ್ಪಾ! ಸೀಲ್ ಮುಟ್ಟಿದ್ರ ವಿದ್ಯುತ್ ಕಾಯ್ದೆ 2003ರ 138ನೇ ಸೆಕ್ಷನ್ ಅದ, 3 ವರ್ಷದತನ ಜೈಲು ಇಲ್ಲಾಂದ್ರ 10,000 ರೂಪಾಯಿತನ ದಂಡ, ಎರಡೂ ಆಗಬಹುದು. ಜೆಸ್ಕಾಂ (ನಮ್ಮ ಕಡಿ ಕರೆಂಟ್ ಕಂಪನಿ) ಆಫೀಸಿಗೆ ಮೀಟರ್ ಶಿಫ್ಟಿಂಗ್ ಅಂತ ಅರ್ಜಿ ಕೊಡ್ರಿ, ಒಳಗಿನ ವೈರಿಂಗ್ ಲೈಸೆನ್ಸ್ ಇದ್ದೋರ ಕೈಲೇ ಮಾಡಿಸ್ರಿ.

ಆಮ್ಯಾಲ ಇನ್ನೊಂದು, ಇದೇ ದೊಡ್ಡದು. ಮೀಟರ್ ಒಂದೇ ಏರಿಸಿ ಕೆಳಗಿನ ಪ್ಲಗ್ ಪಾಯಿಂಟ್ ಮೊಣಕಾಲಮಟ ಬಿಟ್ರ ಏನುಪಯೋಗ? ನೀರು ಮೊದ್ಲು ಹೋಗೋದು ಅಲ್ಲಿಗೇ, ಪೈಪಿನೊಳಗ ತುಂಬ್ಕೊಂಡು ನೀರಿಳಿದ ಮ್ಯಾಲೂ ವಾರಗಟ್ಲೆ ಒಳಗ ಹಸಿ ಇರ್ತದ. ಡಿಬಿ ಬೋರ್ಡೂ (ಮನಿಗೆಲ್ಲ ಕರೆಂಟ್ ಹಂಚೋ ಡಬ್ಬಿ) ಮ್ಯಾಲ ತಗೋರಿ, ಕೆಳಗಿನ ಪಾಯಿಂಟಿಗೆ ಬ್ಯಾರೆ ಎಂಸಿಬಿ (ಲೋಡ್ ಜಾಸ್ತಿ ಆದ್ರ ತಾನೇ ಬೀಳೋ ಸ್ವಿಚ್) ಕೊಟ್ಟು ವೈರ್ ಮ್ಯಾಲಿಂದ ಇಳಿಸ್ರಿ, 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದ್ರ ತಾನೇ ಲೈನ್ ಕಡಿಯೋ ಸ್ವಿಚ್) ಮರೀಬ್ಯಾಡ್ರಿ. ರೊಕ್ಕ ಉಳಿಸ್ಲಿಕ್ಕೆ ಜನ ಇದನ್ನೇ ಬಿಡ್ತಾರ, ಟೈಲ್ಸಿಗೆ ಮಾತ್ರ ಕೈ ಬಿಚ್ಚಿ ಖರ್ಚು ಮಾಡ್ತಾರ.

ಪ್ರಶ್ನೆ (ಗಂಗಾವತಿ): ಸರ್, ನಮ್ಮ ಅಳಿಯ ಅಮೆರಿಕದಾಗದಾನ, ಅಲ್ಲಿ ಮೀಟರ್ ನೋಡಾಕ ಅಟ್ಟ ಕಟ್ಟಿರ್ತಾರಂತ. ಖರೇನಾ?

ಉತ್ತರ: ಖರೇ ರೀ. ಅಲ್ಲಿ ಪ್ರವಾಹದ ಮ್ಯಾಪ್ ಇರ್ತದ, ಯಾವುದೇ ವರ್ಷ ನೂರಕ್ಕೆ ಒಂದು ಪಾಲು ಬರಬಹುದಾದ ನೆರೆ ಎಲ್ಲಿಗೆ ಮುಟ್ತದೋ ಅದನ್ನ ಬೇಸ್ ಫ್ಲಡ್ ಎಲಿವೇಶನ್ ಅಂತಾರ, ಆ ಏರಿಯಾದಾಗ ಹೊಸ ಮನಿ ಕಟ್ಟಿದ್ರ ಕರೆಂಟಿನ ಸಾಮಾನು ಅದಕ್ಕಿಂತ ಮ್ಯಾಲ ಇರಬೇಕು. ಮೀಟರ್ ಕೈಗೆಟಕಲಿಲ್ಲಂದ್ರ ಮೆಟ್ಲಿರೋ ಅಟ್ಟ ಕಟ್ಟಿಕೊಡ್ತಾರ. ನಮ್ಮ ಮಾಳಿಗಿ ಮೆಟ್ಲೂ ಅದೇ ಕೆಲಸ ಮಾಡ್ತದ, ಪುಕ್ಸಟ್ಟೆ.

ಪ್ರಶ್ನೆ (ಕಂಪ್ಲಿ): ನೀರು ಹೊಕ್ಕ ಎಂಸಿಬಿ ಬಿಸ್ಲಿಗೆ ಒಣಗಿಸಿ ಹಾಕ್ಬೋದೇನ್ರಿ ಸರ್?

ಉತ್ತರ: ಒಗೀರಿ ಅತ್ಲಾಗ, ಒಳಗ ರಾಡಿ ಕುಂತಿರ್ತದ, ಬೀಳಬೇಕಾದಾಗ ಬೀಳಂಗಿಲ್ಲ. ಮತ್ತ ಡ್ಯಾಮಿನೋರು ಮುನ್ಸೂಚನೆ ಕೊಟ್ಟ ಕೂಡ್ಲೇ ಕಾಲಕೆಳಗ ಒಣಾ ಇದ್ದಾಗ್ಲೇ ಮೇನ್ ಆಫ್ ಮಾಡ್ರಿ. ನೀರು ಒಳಗ ಬಂದಿತ್ತಂದ್ರ ಸ್ವಿಚ್ ಕಡಿ ಹೋಗ್ಲೇ ಬ್ಯಾಡ್ರಿ, 1912ಕ್ಕ ಫೋನ್ ಮಾಡಿ ಲೈನ್ ತೆಗಿಸ್ರಿ.