ಐದು ದನಗಳಿಗೆ ಬೇಲರ್ ಬೇಕೇ? ಹುಲ್ಲು ಒಣಗಿಸಿ ಕಾಪಿಟ್ಟವರ ಅನುಭವಗಳು

ಕಾರಟಗಿ ತಾಲ್ಲೂಕಿನಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಲುವೆ ನೀರಿನ ಎರಡು ಎಕರೆ ಗದ್ದೆ, ಬೋರ್‌ವೆಲ್ ನೀರಿನ ಒಂದೂವರೆ ಎಕರೆ ಮಸಾರಿ (ಕೆಂಪು ಮಣ್ಣಿನ ಹೊಲ). ಎರಡು ಎಚ್‌.ಎಫ್. (ಹೋಲ್‌ಸ್ಟೀನ್ ಫ್ರೀಜಿಯನ್) ಮಿಶ್ರತಳಿ ಹಸುಗಳು, ಒಂದು ಎಮ್ಮೆ, ಒಂದು ಜೊತೆ ಎತ್ತುಗಳಿವೆ. ಕಳೆದ ನವೆಂಬರ್‌ನಲ್ಲಿ ಬಾಡಿಗೆ ಬೇಲರ್ (ಒಣಹುಲ್ಲನ್ನು ಒತ್ತಿ ಕಟ್ಟು ಕಟ್ಟುವ ಯಂತ್ರ) ಒಂದು ವಾರ ತಡವಾಗಿ ಬಂತು. ನಡುವೆ ಒಂದು ಮಳೆಯೂ ಆಯಿತು. ಕಟ್ಟಿಸಿಟ್ಟ ಭತ್ತದ ಹುಲ್ಲಿನಲ್ಲಿ ಮೂರನೆಯ ಒಂದು ಪಾಲಿಗೆ ಬೂಷ್ಟು ಹಿಡಿಯಿತು. ಕುದುರೆ ಮೆಂತೆ (ಲೂಸರ್ನ್ ಮೇವು) ಒಣಗಿಸಲು ಹೋದರೆ ಎಲೆಯೆಲ್ಲ ಉದುರಿ ಕಡ್ಡಿ ಮಾತ್ರ ಉಳಿಯಿತು. ಈ ಸಲ ಸಾಲ ಮಾಡಿಯಾದರೂ ಸ್ವಂತ ಬೇಲರ್ ತೆಗೆದುಕೊಳ್ಳೋಣ ಎಂದುಕೊಂಡಿದ್ದೇನೆ. ಅಣ್ಣನ ಬಳಿ 35 ಎಚ್‌ಪಿ ಟ್ರ್ಯಾಕ್ಟರ್ ಇದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಗಂಗಾವತಿ ತಾಲ್ಲೂಕಿನಿಂದ

ತಮ್ಮಾ, ನಿಮ್ಮ ಸಂಕಟ ಗೊತ್ತು. ಸುಗ್ಗಿಯಲ್ಲಿ ಹತ್ತು ಜನರಿಗೆ ಮಾತು ಕೊಟ್ಟ ಮಷಿನ್‌ಗಾಗಿ ನಾನೂ ಬದುವಿನ ಮೇಲೆ ಕುಳಿತು ಕಾದಿದ್ದೇನೆ. ಆದರೂ ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಈ ಲೆಕ್ಕ ನೋಡಿ.

ಹಸಿ ಮೇವಿನ ಜೊತೆಗೆ ದೊಡ್ಡ ದನವೊಂದಕ್ಕೆ ದಿನಕ್ಕೆ ಆರು ಕಿಲೋ ಒಣಹುಲ್ಲು ಹಿಡಿಯೋಣ. ಐದು ದನಗಳಿಗೆ 30 ಕಿಲೋ, ವರ್ಷಕ್ಕೆ ಸುಮಾರು 11 ಟನ್. ಸಣ್ಣ ರೌಂಡ್ ಬೇಲರ್ ಕಟ್ಟುವ ಒಂದು ಕಟ್ಟು ನಮ್ಮ ಹೊಲದಲ್ಲಿ 20 ಕಿಲೋ ತೂಗುತ್ತದೆ. ಅಂದರೆ 550 ಕಟ್ಟು. ನಮ್ಮೂರಿನಲ್ಲಿ ಒಂದು ಕಟ್ಟಿಗೆ 40 ರೂಪಾಯಿ ಬಾಡಿಗೆ ಕೊಟ್ಟಿದ್ದೇನೆ, ಒಟ್ಟು 22,000 ರೂಪಾಯಿ ಆಗುತ್ತದೆ. ನಾನು ವಿಚಾರಿಸಿದಾಗ ಸಣ್ಣ ಬೇಲರ್‌ನ ಬೆಲೆ ಮೂರೂವರೆ ಲಕ್ಷದ ಆಸುಪಾಸಿನಲ್ಲಿತ್ತು. ನೂರಕ್ಕೆ ಹತ್ತರಂತೆ ಬಡ್ಡಿ ಒಂದೇ ವರ್ಷಕ್ಕೆ 35,000. ಸಹಾಯಧನ ಸಿಕ್ಕಿ ಅದು ಅರ್ಧಕ್ಕೆ ಇಳಿದರೂ ಅಸಲು, ಹುರಿ, ಡೀಸೆಲ್, ಚೈನು, ಬೇರಿಂಗ್ ಎಲ್ಲವೂ ನಿಮ್ಮ ತಲೆಯ ಮೇಲೆಯೇ. ನಿಮ್ಮ ಎರಡು ಎಕರೆಯಲ್ಲಿ ಬೆಳೆಗೆ ನೂರು ಕಟ್ಟು ಬಂದರೆ ಚೆನ್ನಾಗಿ ಬಂದಂತೆ. ಉಳಿದದ್ದನ್ನು ಹೇಗೂ ನೆರೆಯವರಿಂದ ಕೊಳ್ಳುತ್ತೀರಿ.

ಇನ್ನು ಬೂಷ್ಟಿನ ವಿಷಯ. ಮಷಿನ್ ತಡವಾಗಿದ್ದು ನಿಜ, ಮಳೆ ಬಿದ್ದದ್ದೂ ನಿಜ. ಆದರೆ ಮಷಿನ್ ಬಂದ ದಿನ ಹುಲ್ಲು ಹಸಿಯಾಗಿತ್ತು, ಮತ್ತೆ ಸಿಗುವುದೋ ಇಲ್ಲವೋ ಎಂಬ ಅವಸರದಲ್ಲಿ ಕಟ್ಟಿಸಿದ್ದೀರಿ ಎಂದು ನನ್ನ ಅಂದಾಜು. ಸ್ವಂತ ಮಷಿನ್ ಇದ್ದಿದ್ದರೆ ಅದೇ ಹಸಿ ಹುಲ್ಲನ್ನು ಇನ್ನೂ ಬೇಗ ಕಟ್ಟುತ್ತಿದ್ದಿರಿ. ಕಟ್ಟುವಾಗ ಹುಲ್ಲಿನಲ್ಲಿ ನೀರಿನ ಅಂಶ ನೂರಕ್ಕೆ 15ರ ಹತ್ತಿರ ಇರಬೇಕು, 20 ದಾಟಿದರೆ ಕಟ್ಟಿನ ಹೊಟ್ಟೆಯಲ್ಲಿ ಕಾವು ಹುಟ್ಟುತ್ತದೆ. ರೌಂಡ್ ಕಟ್ಟು ಹೊರಗಿನಿಂದ ಎಷ್ಟೇ ಚಿನ್ನದಂತೆ ಕಂಡರೂ ಬೂಷ್ಟು ಶುರುವಾಗುವುದು ನಡುವಿನಿಂದ.

ಅಳೆಯಲು ಯಂತ್ರ ಬೇಡ. ಸಾಲಿನ ಮೇಲಿನ ಹುಲ್ಲು ಮುಟ್ಟಬೇಡಿ, ತಳದಿಂದ ಒಂದು ಹಿಡಿ ಎಳೆಯಿರಿ. ಹಗ್ಗ ಹೊಸೆದಂತೆ ಬಿಗಿಯಾಗಿ ತಿರುಚಿ. ಕಡ್ಡಿಗಳು ಚಟಪಟ ಮುರಿಯತೊಡಗಿದರೆ ಸರಿ, ಬಾಗಿ ಸುಮ್ಮನಾದರೆ ಇನ್ನೊಂದು ದಿನ ಬೇಕು. ಗೆಣ್ಣಿನ ಹತ್ತಿರ ಉಗುರಿನಿಂದ ಕೆರೆದು ನೋಡಿ. ಸಿಪ್ಪೆ ಸುಲಿದು ಬಂದರೆ ಒಳಗೆ ಹಸಿ ಇದೆ. ಎಲೆ ಒಣಗಿದ ಎರಡು ದಿನಗಳ ಮೇಲೂ ಗೆಣ್ಣು ನೀರು ಹಿಡಿದುಕೊಂಡಿರುತ್ತದೆ.

ಮುಂಗಾರು ಬೆಳೆಯ ಕೊಯ್ಲಿನ ಹೊತ್ತಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ, ಇಬ್ಬನಿ, ಒದ್ದೆ ನೆಲ ಮೂರೂ ಒಟ್ಟಿಗೆ ಕಾಡುತ್ತವೆ. ಅದಕ್ಕೆ ನಾನು ಕೊಯ್ಲಿಗೆ ಹತ್ತು ಹನ್ನೆರಡು ದಿನ ಮೊದಲೇ ಗದ್ದೆಯ ನೀರು ಬಸಿದುಬಿಡುತ್ತೇನೆ. ಕಟಾವಿನ ಚೈನ್ ಮಷಿನ್ ಓಡಿಸುವ ಹುಡುಗನಿಗೆ ಚಹಾ ಕುಡಿಸಿ, ಬಿದ್ದ ಹುಲ್ಲಿನ ಸಾಲಿನ ಮೇಲೆ ಚೈನು ಹತ್ತಿಸಬೇಡ ಎಂದು ಮೊದಲೇ ಹೇಳುತ್ತೇನೆ. ಕೆಸರಿಗೆ ಒತ್ತಿದ ಹುಲ್ಲು ಒಣಗುವುದಿಲ್ಲ, ಒಣಗಿದರೂ ದನ ಮಣ್ಣು ತಿನ್ನುತ್ತದೆ. ಮೂರು ನಾಲ್ಕು ದಿನ ಬಿಟ್ಟು, ನಡುವೆ ಒಮ್ಮೆ ಕವೆಗೋಲಿನಿಂದ ಸಾಲುಗಳನ್ನು ಮಗುಚಿ, ಇಬ್ಬನಿ ಪೂರ್ತಿ ಆರಿದ ಮೇಲೆ, ಅಂದರೆ ಬೆಳಿಗ್ಗೆ ಹನ್ನೊಂದು ಗಂಟೆಯ ನಂತರ ಕಟ್ಟಿಸುತ್ತೇನೆ. ಬೇಸಿಗೆ ಬೆಳೆಗೆ ಈ ಕಷ್ಟ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ ಮರುದಿನವೇ ಕಟ್ಟಬಹುದು. ಆದ್ದರಿಂದ ವರ್ಷದ ದಾಸ್ತಾನನ್ನು ಬೇಸಿಗೆ ಹುಲ್ಲಿನಿಂದ ಮಾಡಿಕೊಂಡು, ನವೆಂಬರ್ ಹುಲ್ಲನ್ನು ಮೊದಲು ತಿನ್ನಿಸಿ ಮುಗಿಸುತ್ತೇನೆ. ಬೇರೆಯವರ ಗದ್ದೆಯಿಂದ ಕೊಳ್ಳುವಾಗ ಕೊನೆಯ ಔಷಧಿ ಯಾವಾಗ ಹೊಡೆದರು ಎಂದು ಕೇಳದೆ ಬಂಡಿ ತುಂಬಬೇಡಿ.

ಕಟ್ಟಿದ ದಿನವೇ ಒಟ್ಟಿ ತಾಡಪತ್ರಿ ಬಿಗಿಯಬೇಡಿ. ಎರಡು ದಿನ ಬಿಡಿ ಬಿಡಿಯಾಗಿ ನಿಲ್ಲಿಸಿ ಉಸಿರಾಡಲು ಬಿಡಿ. ಒಟ್ಟಿದ ಮೇಲೆ ಮೊದಲ ಮೂರು ವಾರ ಒಂದು ಕಬ್ಬಿಣದ ಸಲಾಕೆಯನ್ನು ನಡುವಿಗೆ ಚುಚ್ಚಿಟ್ಟು ಕಾಲು ಗಂಟೆ ಬಿಟ್ಟು ಎಳೆದು ಹಿಡಿಯಿರಿ. ಕೈ ತಾಳದಷ್ಟು ಸುಟ್ಟರೆ ಆಗಲೇ ಬಣವೆ ಬಿಚ್ಚಬೇಕು. ಬೆಂಕಿ ಕಡ್ಡಿ ಇಲ್ಲದೆಯೇ ಹುಲ್ಲು ಹೊತ್ತಿಕೊಳ್ಳುವುದು ಹೀಗೆ. ಬಣವೆಯ ಮೇಲೆ ಕರೆಂಟ್ ತಂತಿ ಹಾದಿರಬಾರದು, ಎಲ್ಲವನ್ನೂ ಒಂದೇ ಕಡೆ ಒಟ್ಟಲೂ ಬಾರದು.

ಕೊಪ್ಪಳ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಬೇಲರ್‌ಗೆಂದು ಇಟ್ಟ ಹಣದಲ್ಲಿ ಹತ್ತನೆಯ ಒಂದು ಪಾಲು ಹಾಕಿ ಕಲ್ಲುಚಪ್ಪಡಿಯ ಕಟ್ಟೆ ಮಾಡಿ. ಗೆದ್ದಲು, ನೆಲದ ತೇವ ಎರಡೂ ತಪ್ಪುತ್ತವೆ. ಅದರ ಮೇಲೆ ನಾಲ್ಕು ಕಂಬ, ತಗಡಿನ ಮಾಡು. 2023ರ ಬರದ ವರ್ಷ ನನ್ನ ಐದು ದನಗಳು ಉಳಿದದ್ದು ಆ ಮಾಡಿನ ಕೆಳಗಿನ ಎರಡು ವರ್ಷ ಹಳೆಯ ಹುಲ್ಲಿನಿಂದ. ಅಂದು ಯಾರ ಹತ್ತಿರ ಬೇಲರ್ ಇದೆ ಎಂದು ಯಾರೂ ಕೇಳಲಿಲ್ಲ, ಹುಲ್ಲು ಇದೆಯೇ ಎಂದು ಕೇಳಿದರು.

ಮಾನ್ವಿ ತಾಲ್ಲೂಕಿನಿಂದ

ಗಂಗಾವತಿಯ ಅಣ್ಣನವರು ಭತ್ತದ ಹುಲ್ಲಿನ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಕುದುರೆ ಮೆಂತೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಅದನ್ನು ಕೊಯ್ಯುವವಳೂ ಒಣಗಿಸುವವಳೂ ನಾನೇ.

ನೀವು ಅದನ್ನು ಭತ್ತದ ಹುಲ್ಲಿನಂತೆ ಒಣಗಿಸಿದ್ದೀರಿ. ರಾಯಚೂರು ಬಿಸಿಲಿನಲ್ಲಿ ಎಲೆ ಅರ್ಧ ದಿನಕ್ಕೆ ಹಪ್ಪಳವಾಗುತ್ತದೆ, ಕಡ್ಡಿ ಇನ್ನೂ ಹಸಿಯಾಗಿರುತ್ತದೆ. ಮಧ್ಯಾಹ್ನ ಮಗುಚಿದರೆ ಎಲೆ ಪುಡಿಯಾಗಿ ನೆಲಕ್ಕೆ ಹೋಗುತ್ತದೆ. ಆ ಬೆಳೆಯ ಪ್ರೋಟೀನಿನ ಮೂರರಲ್ಲಿ ಎರಡು ಪಾಲು ಎಲೆಯಲ್ಲೇ ಇದೆ. ನಾನು ಅಲ್ಲಲ್ಲಿ ಹೂವು ಕಾಣಿಸಿಕೊಂಡ ಕೂಡಲೇ, ಇಬ್ಬನಿ ಆರಿದ ಮೇಲೆ ಕೊಯ್ಯುತ್ತೇನೆ. ಹೊಲ ಪೂರ್ತಿ ನೀಲಿಯಾಗುವವರೆಗೆ ಕಾದರೆ ಕಡ್ಡಿ ಬಲಿಯುತ್ತದೆ. ಕೊಯ್ದ ದಿನ ತೆಳ್ಳಗೆ ಹರಡಿ ಬಾಡಿಸಿ, ಸಂಜೆ ಸಣ್ಣ ಸಣ್ಣ ಗುಪ್ಪೆ ಮಾಡುತ್ತೇನೆ. ಮರುದಿನದಿಂದ ಬೆಳಿಗ್ಗೆ ಎಲೆ ಮೆತ್ತಗಿರುವಾಗ ಮಾತ್ರ ಮಗುಚುವುದು. ಬಿಸಿಲು ಏರಿದ ಮೇಲೆ ಕೈ ಹಾಕುವುದಿಲ್ಲ. ಕೊನೆಯ ಒಣಗಿಸುವಿಕೆ ಬೇವಿನ ಮರದ ನೆರಳಿನಲ್ಲಿ, ಗಳು ಕಟ್ಟಿದ ಅಟ್ಟಣಿಗೆಯ ಮೇಲೆ. ಬಣ್ಣ ಹಸಿರಾಗಿಯೇ ಉಳಿಯುತ್ತದೆ, ವಾಸನೆ ಚಹಾಪುಡಿಯಂತೆ ಇರುತ್ತದೆ. ಬಿಸಿಲಿನಲ್ಲಿ ಬೆಳ್ಳಗಾದ ಮೇವಿನಲ್ಲಿ ಎ ಜೀವಸತ್ವದ ಮೂಲವೇ ಸುಟ್ಟುಹೋಗಿರುತ್ತದೆ. ನೂರು ಕಿಲೋ ಹಸಿ ಕೊಯ್ದರೆ ಸಿಗುವುದು 23 ಕಿಲೋ ಆಸುಪಾಸು. ಅಷ್ಟಕ್ಕೇ ಬೇಸರಪಡಬೇಡಿ, ಹೋದದ್ದು ನೀರು.

ಒಣಗಿತೋ ಇಲ್ಲವೋ ಎಂದು ಅನುಮಾನ ಬಂದಾಗ ಹಂಚಿನ ಮೇಲೆ ಹುರಿದು ಆರಿಸಿದ ಉಪ್ಪನ್ನು ಎರಡು ಚಮಚ ಗಾಜಿನ ಬಾಟಲಿಗೆ ಹಾಕಿ, ಕತ್ತರಿಸಿದ ಮೇವನ್ನು ಒಂದು ಹಿಡಿ ಸೇರಿಸಿ, ಮುಚ್ಚಿ ಚೆನ್ನಾಗಿ ಅಲುಗಾಡಿಸುತ್ತೇನೆ. ಸ್ವಲ್ಪ ಹೊತ್ತಿನ ಮೇಲೆ ಉಪ್ಪು ಗಾಜಿಗೆ ಅಂಟಿದರೆ ಅಥವಾ ಗಂಟುಕಟ್ಟಿದರೆ ಇನ್ನೂ ತೇವ ಇದೆ.

ಕಟ್ಟಲು ನನ್ನ ಬೇಲರ್ ಒಂದು ಹಲಗೆಯ ಪೆಟ್ಟಿಗೆ. ಸುಮಾರು ಮೂರು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಎತ್ತರ, ಮೇಲೂ ಕೆಳಗೂ ತೆರೆದದ್ದು. ಎರಡು ಸೆಣಬಿನ ಹುರಿಗಳನ್ನು ಅಡ್ಡ ಹಾಸಿ, ಮೇವು ತುಂಬಿ, ಕಾಲಿನಿಂದ ತುಳಿದು, ಹುರಿ ಬಿಗಿದು, ಪೆಟ್ಟಿಗೆಯನ್ನು ಮೇಲಕ್ಕೆ ಎತ್ತಿದರೆ ಆಯಿತು. ಊರಿನ ಬಡಿಗರು ಹಳೆಯ ಹಲಗೆಯಲ್ಲಿ ಮಾಡಿಕೊಟ್ಟರು. ನಾನೂ ನನ್ನ ಅತ್ತೆಯೂ ಒಂದು ಬೆಳಿಗ್ಗೆಗೆ ಹದಿನೈದು ಕಟ್ಟು ಮಾಡುತ್ತೇವೆ. ಅರ್ಧ ಎಕರೆ ಕುದುರೆ ಮೆಂತೆಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಬೇಲರ್‌ನ ಹಲ್ಲು ಆ ಎಲೆಯನ್ನು ಉಳಿಸುವುದೂ ಇಲ್ಲ.

ಒಂದು ಯಂತ್ರ ಮಾತ್ರ ಖಂಡಿತ ತೆಗೆದುಕೊಳ್ಳಿ: ಮೇವು ಕತ್ತರಿಸುವ ಯಂತ್ರ. ಎರಡು ಎಚ್‌ಪಿಯದು ಸಾಕು, ಮೋಟರು ಸಿಂಗಲ್ ಫೇಸ್‌ನದೇ ಇರಲಿ. ಹೊಲದ ತ್ರೀ ಫೇಸ್ ಕರೆಂಟ್ ಬರುವ ಹೊತ್ತಿಗೆ ದನ ಕಾಯುವುದಿಲ್ಲ. ಇಡೀ ಸೊಪ್ಪೆ ಹಾಕಿದಾಗ ಗೋದಲಿಯಲ್ಲಿ ಬಿಡುತ್ತಿದ್ದ ದಂಟೆಲ್ಲ ಈಗ ಹೊಟ್ಟೆಗೆ ಹೋಗುತ್ತದೆ. ಆದರೆ ಮೇವು ತಳ್ಳುವ ತಟ್ಟೆ ಉದ್ದವಾಗಿರುವುದನ್ನು, ಚಕ್ರಕ್ಕೆ ಮುಚ್ಚಳ ಇರುವುದನ್ನು, ಹಿಂದಕ್ಕೆ ತಿರುಗಿಸುವ ಹಿಡಿ ಇರುವುದನ್ನು ನೋಡಿ ತೆಗೆದುಕೊಳ್ಳಿ. ನನ್ನ ಸೆರಗು ಒಮ್ಮೆ ಸಿಕ್ಕಿಕೊಂಡು ನಾದಿನಿ ಓಡಿಬಂದು ಸ್ವಿಚ್ ಆರಿಸಿದಳು. ಅಂದಿನಿಂದ ಸೀರೆಯ ಮೇಲೆ ಅಂಗಿ ತೊಟ್ಟು, ಸೆರಗು ಒಳಗೆ ಸಿಕ್ಕಿಸಿ, ಬಳೆ ತೆಗೆದಿಟ್ಟೇ ಯಂತ್ರದ ಮುಂದೆ ನಿಲ್ಲುತ್ತೇನೆ. ಮಕ್ಕಳನ್ನು ಹತ್ತಿರ ಬಿಡುವುದಿಲ್ಲ.

ಯಲಬುರ್ಗಾ ತಾಲ್ಲೂಕಿನಿಂದ

ನಾವು ಮಳೆಯನ್ನೇ ನಂಬಿದವರು, ಭತ್ತದ ಹುಲ್ಲನ್ನು ಕೊಂಡು ತರುವವರು. ನಮ್ಮ ಹಿರಿಯರು ಹಿಂಗಾರಿ ಜೋಳವನ್ನು ಕಾಳಿಗೆ ಎಷ್ಟು ಬಿತ್ತುತ್ತಿದ್ದರೋ ಕಣಿಕೆಗೂ (ಒಣಗಿದ ಜೋಳದ ದಂಟಿನ ಮೇವಿಗೂ) ಅಷ್ಟೇ ಬಿತ್ತುತ್ತಿದ್ದರು. ಮಾಲದಂಡಿ ಜೋಳದ ಕಣಿಕೆ ತಿಂದ ಎತ್ತಿನ ಮೈಗೂ ಬರೀ ಭತ್ತದ ಹುಲ್ಲು ತಿಂದ ಎತ್ತಿನ ಮೈಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ನೂರಕ್ಕೆ ಮೂರೋ ನಾಲ್ಕೋ ಅಷ್ಟೇ, ಮರಳಿನ ಅಂಶ (ಸಿಲಿಕಾ) ಬೇರೆ. ಅದನ್ನೇ ನಂಬಿದರೆ ಖನಿಜ ಮಿಶ್ರಣ ಕೊಡಲೇಬೇಕು.

ನಿಮ್ಮ ಮಸಾರಿಯಲ್ಲಿ ಅರ್ಧ ಎಕರೆ ಹಲವು ಬಾರಿ ಕೊಯ್ಯುವ ಮೇವಿನ ಜೋಳ ಹಾಕಿ. ನಾನು ಕೊಯಮತ್ತೂರಿನ ಸಿ.ಓ.ಎಫ್.ಎಸ್. 29 ತಳಿ ಬೆಳೆದಿದ್ದೇನೆ. ಮೊದಲ ಕೊಯ್ಲು 65 ದಿನಕ್ಕೆ, ಆಮೇಲೆ ಸುಮಾರು 50 ದಿನಕ್ಕೊಮ್ಮೆ. ತೆನೆ ಹೊರಬರುವ ಮೊದಲು ಮಾತ್ರ ಮುಟ್ಟಬೇಡಿ. ಎಳೆಯ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿ ಮಳೆಗೆ ಮತ್ತೆ ಚಿಗುರಿದ್ದರಲ್ಲಿ ಸಯನೈಡ್ ವಿಷ ಇರುತ್ತದೆ. ಚೆನ್ನಾಗಿ ಒಣಗಿಸಿದರೆ ಆ ವಿಷ ಬಹಳಷ್ಟು ಇಳಿಯುತ್ತದೆ. ಆದರೆ ಯೂರಿಯಾ ಹೆಚ್ಚು ಸುರಿದು ಬೆಳೆಸಿದ ಮೇವಿನ ನೈಟ್ರೇಟ್ ಒಣಗಿಸಿದರೂ ಇಳಿಯುವುದಿಲ್ಲ. ನಮ್ಮ ಓಣಿಯಲ್ಲಿ ಎರಡು ಹೋರಿಗಳು ಬೆಳಿಗ್ಗೆ ಮೇದು ಮಧ್ಯಾಹ್ನಕ್ಕೆ ಇಲ್ಲವಾದವು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಜೋಳದ ದಂಟು ದಪ್ಪ, ಒಣಗಲು ನಿಧಾನ. ಸಿವುಡು ಕಟ್ಟಿ ಹೊಲದಲ್ಲೇ ಒಂದಕ್ಕೊಂದು ಆನಿಸಿ ನಿಲ್ಲಿಸಿ, ಗಾಳಿ ಆಡಲಿ. ಶೇಂಗಾ ಬೆಳೆದರೆ ಆ ಬಳ್ಳಿಯ ಹೊಟ್ಟನ್ನು ಬಿಡಬೇಡಿ, ಹೆಚ್ಚು ಕಡಿಮೆ ಒಣಗಿಸಿದ ಕುದುರೆ ಮೆಂತೆಯ ತಮ್ಮ ಅದು.

ಸಿರುಗುಪ್ಪ ತಾಲ್ಲೂಕಿನಿಂದ

ನಾನು ಬೇಲರ್ ಇಟ್ಟುಕೊಂಡು ಬಾಡಿಗೆಗೆ ಹೋಗುವವನು. ಆದ್ದರಿಂದ ನನ್ನ ಮಾತನ್ನು ಮಷಿನ್ ಮಾರುವವರ ಮಾತಿನೊಂದಿಗೆ ಹೋಲಿಸಿ ನೋಡಿ.

ಒಳ್ಳೆಯ ಹೊಲದಲ್ಲಿ ದಿನಕ್ಕೆ 300 ಕಟ್ಟು ಆಗುತ್ತವೆ, ಆದರೆ ಸುಗ್ಗಿ ಇರುವುದು ಬೆಳೆಗೆ ತಿಂಗಳು, ತಿಂಗಳೂವರೆ. ಉಳಿದ ದಿನ ಮಷಿನ್ ನಿಂತೇ ಇರುತ್ತದೆ, ಕಂತು ನಿಲ್ಲುವುದಿಲ್ಲ. ಎರಡು ಬೆಳೆಗೆ ಸೇರಿ ಹತ್ತು ಸಾವಿರ ಕಟ್ಟಿನ ಕೆಲಸ ನಿಮ್ಮ ಸುತ್ತಮುತ್ತ ಖಾತ್ರಿ ಇದ್ದರೆ ಮಾತ್ರ ಯೋಚಿಸಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ನೀರು ಹೋದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ನನ್ನ ಮಷಿನ್‌ಗೆ ಕೆಲಸ ಇಲ್ಲ.

ನಿಮ್ಮ ಅಣ್ಣನ ಟ್ರ್ಯಾಕ್ಟರ್‌ಗೆ ಡಬಲ್ ಕ್ಲಚ್ ಇದೆಯೇ ನೋಡಿ. ರೌಂಡ್ ಬೇಲರ್ ಹುರಿ ಸುತ್ತುವಾಗ ಟ್ರ್ಯಾಕ್ಟರ್ ನಿಲ್ಲಬೇಕು, ಪಿಟಿಒ (ಬೇಲರ್ ತಿರುಗಿಸುವ, ಟ್ರ್ಯಾಕ್ಟರ್ ಹಿಂದಿನ ಶಾಫ್ಟ್) ತಿರುಗುತ್ತಲೇ ಇರಬೇಕು. ಸಿಂಗಲ್ ಕ್ಲಚ್‌ನಲ್ಲಿ ಕ್ಲಚ್ ಒತ್ತಿದರೆ ಎರಡೂ ನಿಲ್ಲುತ್ತವೆ. ಪ್ರತಿ ಕಟ್ಟಿಗೂ ಗೇರ್ ಬದಲಿಸುತ್ತ ದಿನಕ್ಕೆ ಎಷ್ಟು ಕಟ್ಟಬಲ್ಲಿರಿ? ಈ ಮಾತನ್ನು ನನಗೆ ಮಷಿನ್ ಮಾರಿದವರು ಹೇಳಲಿಲ್ಲ. ಚೌಕದ ಬೇಲರ್ ಕಟ್ಟುಗಳು ಲಾರಿಗೆ ಒಟ್ಟಲು ಚೆನ್ನ, ಆದರೆ ಬೆಲೆ ಹಲವು ಪಟ್ಟು, ಗಂಟು ಹಾಕುವ ಭಾಗ ಕೆಟ್ಟರೆ ರಿಪೇರಿ ಮಾಡುವವರು ಹತ್ತಿರ ಸಿಗಬೇಕು.

ನಿಮಗೆ ಬೇಕಿರುವುದು ಸಮಯಕ್ಕೆ ಬರುವ ಮಷಿನ್. ಅದಕ್ಕೊಂದು ದಾರಿ ಇದೆ. ಎರಡು ಎಕರೆಗೆ ಹತ್ತು ಕಿಲೋಮೀಟರ್ ಓಡಿಬಂದರೆ ನನಗೆ ಡೀಸೆಲ್ ಗಿಟ್ಟುವುದಿಲ್ಲ, ಹಾಗಾಗಿ ಸಣ್ಣ ಹೊಲಗಳು ಹಿಂದೆ ಬೀಳುತ್ತವೆ. ಪಕ್ಕದ ಏಳೆಂಟು ಜನ ಸೇರಿ 20 ಎಕರೆ ಒಟ್ಟುಮಾಡಿ, ಕೊಯ್ಲಿಗೆ ಹದಿನೈದು ದಿನ ಮೊದಲೇ ಮುಂಗಡ ಕೊಡಿ. ನಾನು ಅಂಥವರ ಹೊಲಕ್ಕೆ ಮೊದಲು ಹೋಗುತ್ತೇನೆ. ನಿಮ್ಮ ಹೋಬಳಿಯ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬೇಲರ್ ಇದೆಯೇ ಎಂದೂ ಕೇಳಿ. ಮತ್ತೊಂದು ಮಾತು, ಹುರಿ ಸೆಣಬಿನದೇ ಹಾಕಿಸಿ. ಪ್ಲಾಸ್ಟಿಕ್ ಹುರಿ ದನದ ಹೊಟ್ಟೆ ಸೇರಿದರೆ ಹೊರಗೆ ಬರುವುದಿಲ್ಲ. ಹೊಲದಲ್ಲಿ ಬಿದ್ದ ತಂತಿ, ಮೊಳೆ ಆರಿಸಿಡಿ. ಬೇಲರ್ ಅವನ್ನೂ ಹುಲ್ಲಿನ ಜೊತೆಗೆ ಸುತ್ತಿಬಿಡುತ್ತದೆ.

ಕಾರಟಗಿಯಿಂದ ಮತ್ತೆ

ಎಲ್ಲರಿಗೂ ಋಣಿ. ಅಣ್ಣನನ್ನು ಕೇಳಿದೆ, ಟ್ರ್ಯಾಕ್ಟರ್ ಸಿಂಗಲ್ ಕ್ಲಚ್. ಬೇಲರ್ ಯೋಚನೆ ಬಿಟ್ಟೆ. ಕಲ್ಲಿನ ಕಟ್ಟೆ, ತಗಡು, ಮೇವು ಕತ್ತರಿಸುವ ಯಂತ್ರ, ಅಕ್ಕನವರ ಹಲಗೆ ಪೆಟ್ಟಿಗೆ ಇಷ್ಟಕ್ಕೆ ಕೈ ಹಾಕುತ್ತೇನೆ. ಎರಡು ಪ್ರಶ್ನೆ ಉಳಿದಿವೆ. ಭತ್ತದ ಹುಲ್ಲಿಗೆ ಯೂರಿಯಾ ಹಾಕಿ ಹದಗೊಳಿಸುವುದು ಸುರಕ್ಷಿತವೇ? ಬೂಷ್ಟು ಹಿಡಿದ ಹುಲ್ಲನ್ನು ಒಣಗಿಸಿ ಎತ್ತುಗಳಿಗಾದರೂ ಹಾಕಬಹುದೇ?

ಗಂಗಾವತಿ ತಾಲ್ಲೂಕಿನಿಂದ

ಯೂರಿಯಾ ಹದ ನಾನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ನೂರು ಕಿಲೋ ಒಣಹುಲ್ಲಿಗೆ ನಾಲ್ಕೇ ಕಿಲೋ ಯೂರಿಯಾ, ಐವತ್ತು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ತಾಡಪತ್ರಿಯಿಂದ 21 ದಿನ ಮುಚ್ಚಬೇಕು. ತೆಗೆದ ಹುಲ್ಲನ್ನು ಒಂದು ಗಂಟೆ ಹರಡಿ ಘಾಟು ಹೋದ ಮೇಲೆ ಹಾಕಿ, ಮೊದಲ ವಾರ ಸ್ವಲ್ಪ ಸ್ವಲ್ಪ. ಆರು ತಿಂಗಳೊಳಗಿನ ಕರುಗಳಿಗೆ ಬೇಡ. ಕರಗಿಸಿದ ನೀರಿನ ಬಕೆಟ್‌ಗೆ ದನ ಬಾಯಿ ಹಾಕಿದರೆ ಸಾಯುತ್ತದೆ, ಆ ದಿನ ದನಗಳನ್ನು ದೂರ ಕಟ್ಟಿ. ಮೊದಲ ಸಲ ಮಾಡುವಾಗ ಪಶುವೈದ್ಯರನ್ನೋ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದವರನ್ನೋ ಕೇಳಿಕೊಂಡು ಮಾಡಿ.

ಬೂಷ್ಟು ಹುಲ್ಲನ್ನು ಎತ್ತಿಗೂ ಹಾಕಬೇಡಿ, ಎಮ್ಮೆಗಂತೂ ತೋರಿಸಲೂಬೇಡಿ. ಬೂಷ್ಟು ಹಿಡಿದ ಭತ್ತದ ಹುಲ್ಲಿನಿಂದ ಎಮ್ಮೆಗಳ ಬಾಲ, ಕಿವಿ, ಗೊರಸು ಕೊಳೆಯುವ ರೋಗ ಬರುತ್ತದೆ. ಒಣಗಿಸಿದರೆ ಬಣ್ಣ ಹೋಗುತ್ತದೆ, ವಿಷ ಹೋಗುವುದಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಬಿಚ್ಚಿ, ಆ ದೂಳು ಎದೆಗೂ ಕೆಟ್ಟದ್ದು. ತಿಪ್ಪೆಗೆ ಸಗಣಿಯೊಂದಿಗೆ ಪದರ ಹಾಕಿ ನೀರು ಹೊಡೆಯಿರಿ, ಬರುವ ಮುಂಗಾರಿಗೆ ಮಸಾರಿಗೆ ಗೊಬ್ಬರವಾಗುತ್ತದೆ. ಕಟ್ಟೆ ಮುಗಿದ ದಿನ ತಿಳಿಸಿ, ನಮ್ಮೂರಿನ ಬೇಸಿಗೆ ಹುಲ್ಲು ನೂರು ಕಟ್ಟು ನಿಮಗಾಗಿ ತೆಗೆದಿಡಿಸುತ್ತೇನೆ.