ಗೆಳತಿಯೊಂದಿಗೆ ಒಂದು ಬ್ಲೂಗ್ರಾಸ್ ರಾತ್ರಿ: ನ್ಯಾಶ್‌ವಿಲ್‌ನಲ್ಲಿ ಎಲ್ಲಿ ಕೇಳಬೇಕು?

ಕೇಳಿದವರು: ಮೈಸೂರಿನಿಂದ ಗೆಳತಿ ಬರುತ್ತಿದ್ದಾಳೆ. ಕರ್ನಾಟಕ ಸಂಗೀತದಲ್ಲಿ ಪಿಟೀಲು ಕಲಿತವಳು. ನಾನಿರುವ ಅಟ್ಲಾಂಟಾದಿಂದ ಕಾರಿನಲ್ಲಿ ನ್ಯಾಶ್‌ವಿಲ್‌ಗೆ ಹೋಗಿ ಒಂದು ರಾತ್ರಿ ಬ್ಲೂಗ್ರಾಸ್ (ತಂತಿವಾದ್ಯಗಳ ತಂಡ ನುಡಿಸಿ ಹಾಡುವ ಅಮೆರಿಕದ ಸಂಗೀತ) ಕೇಳುವ ಆಸೆ ಇಬ್ಬರಿಗೂ ಇದೆ. ಎಲ್ಲಿಗೆ ಹೋಗಬೇಕು, ಏನನ್ನು ಗಮನಿಸಬೇಕು? ಕೇಳಿ ಬಂದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಯೋಚಿಸಬೇಡಿ, ಬ್ಲೂಗ್ರಾಸ್‌ಗೆ ಹೆಸರಾದ ಸ್ಟೇಷನ್ ಇನ್‌ ಎಂಬ ಸಂಗೀತದ ತಾಣಕ್ಕೆ ಹೋಗಿ. 1974ರಲ್ಲಿ ಶುರುವಾದ ಜಾಗ; ಗಲ್ಚ್ ಬಡಾವಣೆಯ ಎತ್ತರದ ಕಟ್ಟಡಗಳ ನಡುವೆ ಒಂದೇ ಅಂತಸ್ತಿನ ಪುಟ್ಟ ಕಲ್ಲಿನ ಕಟ್ಟಡ. ಬ್ರಾಡ್‌ವೇ ರಸ್ತೆಯ ಬಣ್ಣದ ದೀಪಗಳಿಗೆ ಮನಸೋತು ಅಲ್ಲೇ ನಿಂತುಬಿಡಬೇಡಿ. ಅಲ್ಲಿ ಹೆಚ್ಚಾಗಿ ಕೇಳಿಸುವುದು ವಿದ್ಯುತ್ ಗಿಟಾರ್, ಡ್ರಮ್ಸ್ ಇರುವ ಕಂಟ್ರಿ ಸಂಗೀತ.

ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ, ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಈ ಸಂಗೀತವನ್ನು ಹತ್ತಿರದಿಂದ ನೋಡುತ್ತಾ ಕೇಳಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹಳೆಯ ಪದ್ಧತಿಯ ತಂಡವಾದರೆ ವೇದಿಕೆಯ ನಡುವೆ ಒಂದೇ ಮೈಕ್ ಇರುತ್ತದೆ. ಬ್ಯಾಂಜೊ (ದುಂಡನೆಯ, ಚರ್ಮ ಬಿಗಿದ ಮುಖದ ತಂತಿವಾದ್ಯ) ನುಡಿಸುವವರು ತಮ್ಮ ಸರದಿ ಬಂದಾಗ ಭುಜ ವಾಲಿಸಿ ಮೈಕಿನ ಹತ್ತಿರ ಬರುತ್ತಾರೆ, ಮುಗಿಯುತ್ತಿದ್ದಂತೆ ಹಿಂದೆ ಸರಿಯುತ್ತಾರೆ. ಅಷ್ಟರಲ್ಲಿ ಪಿಟೀಲು ಮುಂದೆ ಬಂದಿರುತ್ತದೆ. ಯಾರೂ ಯಾರಿಗೂ ತಾಗುವುದಿಲ್ಲ. ದನಿಯ ಏರಿಳಿತವೆಲ್ಲ ಆ ನಾಲ್ಕು ಹೆಜ್ಜೆಗಳಲ್ಲೇ ತೀರ್ಮಾನವಾಗುತ್ತದೆ.

ಡ್ರಮ್ಸ್ ಇಲ್ಲದೆ ತಾಳ ಎಲ್ಲಿಂದ ಬರುತ್ತದೆ ಎಂದು ನಿಮ್ಮ ಗೆಳತಿ ಕೇಳಿಯೇ ಕೇಳುತ್ತಾರೆ. ಮ್ಯಾಂಡೊಲಿನ್ ಹಿಡಿದವರ ಕೈ ತೋರಿಸಿ. ನಿಲುವು ಬೇಸ್ (ನೆಟ್ಟಗೆ ನಿಲ್ಲಿಸಿ ನುಡಿಸುವ, ತಗ್ಗು ದನಿಯ ದೊಡ್ಡ ತಂತಿವಾದ್ಯ) ತಾಳದ ಪೆಟ್ಟಿನ ಮೇಲೆ ಬಿದ್ದರೆ, ಮ್ಯಾಂಡೊಲಿನ್ ಎರಡು ಪೆಟ್ಟುಗಳ ನಡುವೆ ತಂತಿಗಳನ್ನು ಒಮ್ಮೆ ಮೀಟಿ ತಕ್ಷಣ ನಾದವನ್ನು ಅಡಗಿಸುತ್ತದೆ. ಆ ಮೊಟಕು ಸದ್ದೇ ಇಡೀ ತಂಡವನ್ನು ಓಡಿಸುವುದು. ಒಬ್ಬೊಬ್ಬರ ಸರದಿ ಮುಗಿದಾಗಲೂ ಹಾಡಿನ ಮಧ್ಯದಲ್ಲೇ ಚಪ್ಪಾಳೆ ಬೀಳುತ್ತದೆ, ನೀವೂ ತಟ್ಟಿ. ಹಾಡು ನಡೆಯುವಾಗ ಮಾತ್ರ ಮಾತು ಬೇಡ.

ಇನ್ನೊಬ್ಬರು: ರೈಮನ್ ಸಭಾಂಗಣವನ್ನು ಬಿಡಬೇಡಿ. 1892ರಲ್ಲಿ ಪ್ರಾರ್ಥನಾ ಮಂದಿರವಾಗಿ ಕಟ್ಟಿದ್ದು. ಈಗಲೂ ಚರ್ಚಿನ ಮರದ ಬೆಂಚುಗಳೇ ಆಸನ. ಕೆಂಟಕಿಯ ಬಿಲ್ ಮನ್ರೋ ತಮ್ಮ ‘ಬ್ಲೂ ಗ್ರಾಸ್ ಬಾಯ್ಸ್’ ತಂಡದೊಂದಿಗೆ ಇಲ್ಲಿ ನುಡಿಸುತ್ತಿದ್ದರು. 1945ರ ಡಿಸೆಂಬರ್‌ನಲ್ಲಿ ಮೂರು ಬೆರಳಿನಿಂದ ಬ್ಯಾಂಜೊ ನುಡಿಸುವ ಅರ್ಲ್ ಸ್ಕ್ರಗ್ಸ್ ಆ ತಂಡದಲ್ಲಿ ಇದೇ ವೇದಿಕೆ ಹತ್ತಿದ ಮೇಲೆ ಬ್ಲೂಗ್ರಾಸ್ ಇಂದಿನ ರೂಪ ಪಡೆಯಿತು. ಬೇಸಿಗೆಯಲ್ಲಿ ಬ್ಲೂಗ್ರಾಸ್‌ಗೆಂದೇ ಕೆಲವು ರಾತ್ರಿಗಳನ್ನು ಇಡುತ್ತಾರೆ. ಟಿಕೆಟ್ ಮುಂಚೆಯೇ ತೆಗೆದುಕೊಳ್ಳಿ. ಬ್ಯಾಂಜೊ ಬಂದದ್ದು ಗುಲಾಮಗಿರಿಗೆ ಸಿಕ್ಕಿದ ಆಫ್ರಿಕನ್ನರ ಕೈಯಿಂದ ಎಂಬುದನ್ನೂ ಗೆಳತಿಗೆ ಹೇಳಿ. ಅದು ತಿಳಿದಿದ್ದರೆ ಕೇಳುವ ಕಿವಿಯೇ ಬೇರೆಯಾಗುತ್ತದೆ.

ಪಿಟೀಲು ಕಲಿತ ಒಬ್ಬರು: ನಿಮ್ಮ ಗೆಳತಿಯ ಕಣ್ಣು ಮೊದಲು ಹೋಗುವುದು ಎಡಗೈಗೆ. ಕರ್ನಾಟಕ ಸಂಗೀತದಲ್ಲಿ ನಾವು ಕುಳಿತು, ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟು ನುಡಿಸುತ್ತೇವೆ. ಹಾಗಾಗಿ ಗಮಕಕ್ಕೆ ಕೈ ಸಲೀಸಾಗಿ ಜಾರುತ್ತದೆ. ಬ್ಲೂಗ್ರಾಸ್‌ನವರು ನಿಂತು ನುಡಿಸುತ್ತಾರೆ. ಶ್ರುತಿಯೂ ಬೇರೆ: ನಮ್ಮದು ಸ-ಪ-ಸ-ಪ, ಅಲ್ಲಿ ಪ್ರತಿ ತಂತಿಯೂ ಪಕ್ಕದ್ದಕ್ಕಿಂತ ಒಂದು ಪಂಚಮ (ಸ-ದಿಂದ ಪ-ದಷ್ಟು) ಮೇಲೆ. ಎರಡು ತಂತಿಗಳನ್ನು ಒಟ್ಟಿಗೆ ಎಳೆಯುವಾಗ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಸ್ವರದ ಕೆಳಗಿನಿಂದ ಜಾರಿ ಮೇಲೇರುವ ಕಡೆ ಮಾತ್ರ ನಮ್ಮ ಜಾರುವಿಗೆ ತೀರಾ ಹತ್ತಿರ ಬರುತ್ತಾರೆ. ನನಗೆ ರೋಮಾಂಚನವಾಗುವುದು ಅಲ್ಲೇ. ಹೋಗುವ ದಾರಿಯಲ್ಲಿ ಬ್ಯಾಂಜೊ ವಾದಕ ಬೇಲಾ ಫ್ಲೆಕ್ ಮತ್ತು ತಬಲಾ ವಾದಕ ಜಾಕಿರ್ ಹುಸೇನ್ ಜೊತೆಯಾಗಿ ನುಡಿಸಿದ್ದನ್ನು ಕಾರಿನಲ್ಲಿ ಹಾಕಿ.

ಮತ್ತೊಬ್ಬರು: ನ್ಯಾಶ್‌ವಿಲ್ ಗಡಿಯಾರ ಅಟ್ಲಾಂಟಾಕ್ಕಿಂತ ಒಂದು ಗಂಟೆ ಹಿಂದೆ. ಹೋಗುವಾಗ ಅನುಕೂಲ, ಮರಳುವಾಗ ಆ ಗಂಟೆ ಕಳೆಯುತ್ತದೆ. ರಾತ್ರಿ ಅಲ್ಲೇ ತಂಗಿ. ಕಾರ್ಯಕ್ರಮ ಮುಗಿದ ಮೇಲೆ ವಾದಕರು ಸಿ.ಡಿ. ಇಟ್ಟ ಮೇಜಿನ ಬಳಿ ನಿಂತಿದ್ದರೆ ಸಂಕೋಚವಿಲ್ಲದೆ ಮಾತನಾಡಿಸಿ. ಪಿಟೀಲು ನುಡಿಸುತ್ತೇನೆ ಎಂದು ಗೆಳತಿಯೇ ಹೇಳಲಿ.